ಅಂಟದ ರಬ್ಬರಿಗೆ ಜೀವಕೋಶ ಅಂಟಿದ ಕಥೆ

ಎಂಟನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಕೆಸುವಿನ ಎಲೆಯ ಮೇಲೆ ನೀರು ಹಾಕಿ ತೋರಿಸಿದ್ದರು. ಹನಿ ಮುತ್ತಿನಂತೆ ಉರುಳಿತು. ಅದೇ ನೀರು ಗಾಜಿನ ಚೂರಿನ ಮೇಲೆ ಹರಡಿಕೊಂಡಿತು. "ಯಾಕೆ? ಯೋಚನೆ ಮಾಡಿಕೊಂಡು ಬನ್ನಿ" ಎಂದು ಮನೆಗೆ ಕಳಿಸಿದರು. ನಾನು ಯೋಚಿಸಲಿಲ್ಲ.

ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದೆ. ಒಮ್ಮೆ ಒಂದು ಪ್ರಯೋಗಾಲಯಕ್ಕಾಗಿ, ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಜೀವಕೋಶಗಳನ್ನು ಎಣಿಸುವ ಪ್ರೋಗ್ರಾಮ್ ಬರೆಯಬೇಕಾಯಿತು. ಸಿಲಿಕೋನ್ ಹಾಳೆಯ ಮೇಲೆ ಬೆಳೆಸಿದ ಕೋಶಗಳವು. ಒಂದು ದಿನ ಲೆಕ್ಕ ಸರಿಯಾಗಿ ಬಂತು, ಇನ್ನೊಂದು ದಿನ ಹೆಚ್ಚುಕಡಿಮೆ ಸೊನ್ನೆ. ಎರಡು ರಾತ್ರಿ ನಿದ್ದೆಗೆಟ್ಟು ಕೋಡಿನಲ್ಲಿ ತಪ್ಪು ಹುಡುಕಿದೆ. ತಪ್ಪಿದ್ದದ್ದು ಹಾಳೆಯಲ್ಲಿ: ಕೋಶಗಳು ಅದಕ್ಕೆ ಅಂಟಿಯೇ ಇರಲಿಲ್ಲ. ಆಮೇಲೆ ಈ ವಸ್ತುವಿನ ಚರಿತ್ರೆಯನ್ನು ಓದತೊಡಗಿದೆ.

ಸಿಲಿಕೋನ್ ಎಂಬ ಹೆಸರು ಕೊಟ್ಟವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ರಸಾಯನಶಾಸ್ತ್ರಜ್ಞ ಫ್ರೆಡರಿಕ್ ಕಿಪ್ಪಿಂಗ್. ದಶಕಗಳ ಕಾಲ ದುಡಿದ ಮೇಲೂ ಈ ಕ್ಷೇತ್ರಕ್ಕೆ ಸದ್ಯದಲ್ಲಿ ದೊಡ್ಡ ಭವಿಷ್ಯವಿಲ್ಲವೆಂದೇ ಅವರು 1930ರ ದಶಕದಲ್ಲಿ ಭಾವಿಸಿದ್ದರು. ಆದರೆ 1940ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಯೂಜಿನ್ ರೋಚೋ ಅದನ್ನು ಹೇರಳವಾಗಿ ತಯಾರಿಸಲು ದಾರಿ ಮಾಡಿಕೊಟ್ಟರು. 1956ರಲ್ಲಿ ಜಾನ್ ಹೋಲ್ಟರ್ ಎಂಬ ತಂತ್ರಜ್ಞ, ತಲೆಯಲ್ಲಿ ನೀರು ತುಂಬುವ ಕಾಯಿಲೆಯಿದ್ದ ತನ್ನ ಮಗುವಿಗಾಗಿ ಹೆಣಗಾಡಿ, ಆ ನೀರನ್ನು ಹೊರಹರಿಸುವ ಸಿಲಿಕೋನ್ ಕವಾಟ ತಯಾರಿಸಿದ. ದೇಹದೊಳಗೆ ಮೆತ್ತಗೆ, ಗಲಾಟೆಯಿಲ್ಲದೆ ಇರುವ ವಸ್ತುವೆಂದು ಸಿಲಿಕೋನ್ ಹೆಸರಾಯಿತು.

ಆದರೆ ಯಾವುದಕ್ಕೂ ಅಂಟದ ಆ ಗುಣವೇ ಕೋಶ ಬೆಳೆಸುವವರಿಗೆ ತೊಡಕು. ಸಿಲಿಕೋನಿನ ಮೈತುಂಬ ನೀರನ್ನು ದೂರವಿಡುವ ಮೀಥೈಲ್ ಗುಂಪುಗಳಿವೆ. ನಮ್ಮ ಬಹುಪಾಲು ಅಂಗಾಂಶಗಳ ಕೋಶಗಳು ನೆಲೆ ಸಿಕ್ಕದಿದ್ದರೆ ಬೆಳೆಯುವುದಿಲ್ಲ, ಸತ್ತೂ ಹೋಗಬಹುದು. 1980ರಲ್ಲಿ ಆಲ್ಬರ್ಟ್ ಹ್ಯಾರಿಸ್ ಮತ್ತು ಸಂಗಡಿಗರು ಸಿಲಿಕೋನ್ ದ್ರವಕ್ಕೆ ಕ್ಷಣಕಾಲ ಜ್ವಾಲೆ ತಾಗಿಸಿ, ಹಾಲಿನ ಕೆನೆಯಂಥ ತೆಳುಪದರ ಕಟ್ಟಿಸಿದರು. ಅದರ ಮೇಲೆ ತೆವಳಿದ ಕೋಶಗಳು ಪದರವನ್ನು ಎಳೆದು ಸುಕ್ಕಾಗಿಸಿದವು. ಕಣ್ಣಿಗೆ ಕಾಣದ ಕೋಶದ ಬಲ ಹೀಗೆ ಸುಕ್ಕಿನ ರೂಪದಲ್ಲಿ ಕಂಡಿತು.

ಈಗ ಹೆಚ್ಚಾಗಿ ಬಳಸುವುದು ಆಮ್ಲಜನಕದ ಪ್ಲಾಸ್ಮಾ. ಅದು ಮೀಥೈಲ್ ಗುಂಪುಗಳನ್ನು ಕಿತ್ತು, ಆ ಜಾಗದಲ್ಲಿ ನೀರನ್ನು ಕರೆಯುವ ಹೈಡ್ರಾಕ್ಸಿಲ್ ಗುಂಪುಗಳನ್ನು ಕೂರಿಸುತ್ತದೆ. ಆಗ ಸಿಲಿಕೋನಿನ ಮೇಲ್ಮೈ ಗಾಜಿನಂತಾಗುತ್ತದೆ. ಅದರ ಮೇಲೆ ಫೈಬ್ರೊನೆಕ್ಟಿನ್, ಕೊಲಾಜೆನ್ ಮುಂತಾದ ಪ್ರೋಟೀನುಗಳನ್ನು ಸವರುತ್ತಾರೆ. ಕೋಶ ಕೈಹಿಡಿಯುವುದು ರಬ್ಬರನ್ನಲ್ಲ, ಈ ಪ್ರೋಟೀನನ್ನು. 2010ರಲ್ಲಿ ಹಾರ್ವರ್ಡ್‌ನ ಡಾನ್ ಹು, ಡೊನಾಲ್ಡ್ ಇಂಗ್ಬರ್ ಮತ್ತಿತರರು ಪ್ರೋಟೀನು ಸವರಿದ, ರಂಧ್ರಗಳಿರುವ ತೆಳು ಸಿಲಿಕೋನ್ ಪೊರೆಯ ಒಂದು ಬದಿಗೆ ಶ್ವಾಸಕೋಶದ ಕೋಶಗಳನ್ನು, ಇನ್ನೊಂದು ಬದಿಗೆ ರಕ್ತನಾಳದ ಕೋಶಗಳನ್ನು ಬೆಳೆಸಿದರು. ಪೊರೆಯನ್ನು ಉಸಿರಾಟದ ಲಯದಲ್ಲಿ ಹಿಗ್ಗಿಸಿ ಕುಗ್ಗಿಸಿದರು.

ನನ್ನ ಸೊನ್ನೆಗೂ ಕಾರಣ ಇಲ್ಲೇ ಸಿಕ್ಕಿತು. ಪ್ಲಾಸ್ಮಾ ಕೊಟ್ಟ ಗುಣ ಶಾಶ್ವತವಲ್ಲ. ಹಾಗೇ ಗಾಳಿಗೆ ಬಿಟ್ಟರೆ ಒಳಗಿನ ಸಣ್ಣ ಸರಪಳಿಗಳು ಮೇಲೆ ಬಂದು, ಕೆಲವು ಗಂಟೆ ಅಥವಾ ದಿನಗಳಲ್ಲೇ ರಬ್ಬರು ಹಳೆಯ ಸ್ವಭಾವಕ್ಕೆ ಮರಳುತ್ತದೆ. ನಮ್ಮ ಹಾಳೆಗಳನ್ನು ಹಿಂದಿನ ವಾರವೇ ಸಿದ್ಧಮಾಡಿ ಇಟ್ಟಿದ್ದರು. ಅವತ್ತೇ ಸಿದ್ಧಮಾಡಿ, ಅವತ್ತೇ ಪ್ರೋಟೀನು ಸವರಿದಾಗ ಕೋಶಗಳು ನಿಂತವು, ಲೆಕ್ಕವೂ ಸರಿಬಂತು.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಇಪ್ಪತ್ತು ವರ್ಷ ತಡವಾಗಿ ಉತ್ತರ ತಂದಿದ್ದೇನೆ. ಕೆಸುವಿನ ಎಲೆಯ ಮೇಲೆ ಮೇಣವೂ ಸಣ್ಣಸಣ್ಣ ಉಬ್ಬುಗಳೂ ಇವೆ, ಅದಕ್ಕೇ ನೀರು ಉರುಳಿತು. ಗಾಜಿನ ಮೈಮೇಲೆ ನೀರನ್ನು ಕರೆಯುವ ಗುಂಪುಗಳಿವೆ, ಅದಕ್ಕೇ ಹರಡಿತು. ಐವತ್ತು ತುಂಬಿದ ನಮ್ಮ ಶಾಲೆಯ ಮಕ್ಕಳಿಗೆ ಇದನ್ನು ಕಣ್ಣಾರೆ ನೋಡಲು ಒಂದು ಒಳ್ಳೆಯ ಸೂಕ್ಷ್ಮದರ್ಶಕ ಬೇಕು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಕೊಡಿಸೋಣ. ನನ್ನ ಪಾಲು ಮೊದಲು ಬರೆದುಕೊಳ್ಳಿ.