ಎಂಜಿನ್ ಬೆನ್ನ ಹಿಂದೆ ಸರಿದದ್ದು

ಎರಡು ಕಾರು, ಕಾಲು ಮೈಲಿಯ ನೇರ ರಸ್ತೆ. ನಿಂತಲ್ಲಿಂದ ಹೊರಟು ಆ 402 ಮೀಟರ್ ಮೊದಲು ದಾಟಿದವರು ಗೆದ್ದಂತೆ. ಅಮೆರಿಕದ ಡ್ರ್ಯಾಗ್ ರೇಸ್ ಎಂದರೆ ಇಷ್ಟೇ. ಆದರೆ ಈ ಕೆಲವೇ ಸೆಕೆಂಡುಗಳ ಆಟಕ್ಕೆ ಚಾಲಕರು ತೆತ್ತ ಬೆಲೆ ಸಣ್ಣದಲ್ಲ.

1960ರ ದಶಕದ 'ಸ್ಲಿಂಗ್‌ಶಾಟ್' ಕಾರುಗಳಲ್ಲಿ ಎಂಜಿನ್ ಮುಂದೆ. ಚಾಲಕ ಹಿಂದಿನ ಗಾಲಿಗಳ ಅಚ್ಚಿಗಿಂತಲೂ ಹಿಂದೆ, ಕವಣೆಯಲ್ಲಿಟ್ಟ ಕಲ್ಲಿನಂತೆ. ಕ್ಲಚ್ಚು, ಗೇರ್ ಪೆಟ್ಟಿಗೆ ಅವನ ಕಾಲುಗಳ ನಡುವೆಯೇ! ನೈಟ್ರೋಮೀಥೇನ್ ಕುಡಿಯುವ ಎಂಜಿನ್ ಸಿಡಿದರೆ ಬೆಂಕಿ, ಕುದಿಯುವ ಎಣ್ಣೆ ನೇರ ಮುಖಕ್ಕೆ.

1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಡಾನ್ ಗಾರ್ಲಿಟ್ಸ್ ಅವರ 'ಸ್ವಾಂಪ್ ರ‍್ಯಾಟ್ 13' (ಅಲ್ಲಿನವರಿಗೆ ಆ ಸಂಖ್ಯೆಯೇ ಅಪಶಕುನ) ಹೊರಡುತ್ತಲೇ ಗೇರ್ ಪೆಟ್ಟಿಗೆ ಸಿಡಿದು ಕಾರು ಎರಡು ತುಂಡಾಯಿತು. ಗಾರ್ಲಿಟ್ಸ್ ಬಲಪಾದದ ಮುಂಭಾಗ ಕಳೆದುಕೊಂಡರು. ಎಂಜಿನ್ ಚಾಲಕನ ಬೆನ್ನ ಹಿಂದಿರುವ ಕಾರಿನ ಯೋಚನೆಗೆ ಅವರು ಆಸ್ಪತ್ರೆಯ ಹಾಸಿಗೆಯಲ್ಲೇ ತೊಡಗಿದರು.

ಯೋಚನೆ ಹೊಸದೇನಲ್ಲ. ಹಿಂದೆ ಹಲವರು ಅಂಥ ಕಾರು ಕಟ್ಟಿ ಕೈಸುಟ್ಟುಕೊಂಡಿದ್ದರು. ಅದು ನೆಟ್ಟಗೆ ಓಡುತ್ತಿರಲಿಲ್ಲ. ಫ್ಲಾರಿಡಾದಲ್ಲಿ ಗಾರ್ಲಿಟ್ಸ್ ಮತ್ತು ಸಂಗಡಿಗರಾದ ಟಿ.ಸಿ. ಲೆಮನ್ಸ್, ಕಾನಿ ಸ್ವಿಂಗಲ್ ಕಟ್ಟಿದ ಕಾರಿನದೂ ಮೊದಲು ಅದೇ ಗೋಳು. ಕೊನೆಗೆ ತಿಳಿದದ್ದು, ದೋಷ ಎಂಜಿನ್ನಿನ ಜಾಗದ್ದಲ್ಲ, ಸ್ಟೀರಿಂಗಿನದು. ಅದು ಅತಿ ಚುರುಕು. ತುಸು ತಿರುಗಿಸಿದರೂ ಕಾರು ಅಡ್ಡ ಹೋಗುತ್ತಿತ್ತು. ಸ್ಟೀರಿಂಗನ್ನು ನಿಧಾನಗೊಳಿಸಿದ ಮೇಲೆ ಕಾರು ಹತೋಟಿಗೆ ಬಂತು.

1971ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಪಂದ್ಯವನ್ನು ಗಾರ್ಲಿಟ್ಸ್ ಅದೇ ಕಾರಿನಲ್ಲಿ ಗೆದ್ದರು. ಕೆಲವೇ ವರ್ಷಗಳಲ್ಲಿ 'ಟಾಪ್ ಫ್ಯುಯೆಲ್' ಪಂದ್ಯಗಳಿಂದ ಸ್ಲಿಂಗ್‌ಶಾಟ್‌ಗಳು ಮರೆಯಾದವು. ಫ್ಲಾರಿಡಾದ ಒಕಾಲಾ ಬಳಿ 1984ರಲ್ಲಿ ಅವರು ತೆರೆದ ಸಂಗ್ರಹಾಲಯದಲ್ಲಿ ಎರಡೂ ಬಗೆಯ ಕಾರುಗಳಿಗೆ ಜಾಗ ಸಿಕ್ಕಿತು.