ಹದಿನೆಂಟಕ್ಕೂ ಚಿನ್ನ, ನಲವತ್ತೆರಡಕ್ಕೂ ಚಿನ್ನ

ಮಾಣಿಕನಗರದ ಪಕ್ಕದ ಹುಮನಾಬಾದಿಗೆ ಹೋಗಿ ಶಾಲಾ ಕ್ರೀಡಾಕೂಟದ ಸುದ್ದಿ ಬರೆಯುವಾಗ ನಾವು ಒಂದು ಮಾತು ಗಮನಿಸಿದ್ದೇವೆ. ಒಂಬತ್ತನೇ ತರಗತಿಯಲ್ಲಿ ಓಟ ಗೆದ್ದ ಹುಡುಗಿಯ ಹೆಸರು ನಾಲ್ಕೈದು ವರ್ಷ ಬಿಟ್ಟು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಕೇಳಿದರೆ, ‘ಆಕಿ ಮದುವಿ ಆಯ್ತ್ರೀ’ ಅಂತಾರೆ. ಅಲ್ಲಿಗೆ ಆಟ ಮುಗೀತು. ಅದಕ್ಕೇ ಇವತ್ತು ಜರ್ಮನಿಯ ಬಿರ್ಗಿಟ್ ಫಿಷರ್ ಕಥೆ.

ಬಿರ್ಗಿಟ್ ಹುಟ್ಟಿದ್ದು 1962ರಲ್ಲಿ, ಹಾವೆಲ್ ನದಿ ದಂಡೆಯ ಬ್ರಾಂಡೆನ್‌ಬರ್ಗ್ ಊರಲ್ಲಿ. ಅದು ಆಗ ಪೂರ್ವ ಜರ್ಮನಿ. ಆರನೇ ವಯಸ್ಸಿಗೇ ಅಪ್ಪ ದೋಣಿ ಹತ್ತಿಸಿದರು. ಆಕೆಯದು ಕಯಾಕ್, ಅಂದರೆ ಸಪೂರ ದೋಣಿ. ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ಎಡಕ್ಕೊಮ್ಮೆ, ಬಲಕ್ಕೊಮ್ಮೆ ನೀರು ಎಳೆಯಬೇಕು. 500 ಮೀಟರ್ ಪಂದ್ಯ ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ.

1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಮೊದಲ ಚಿನ್ನ. ಆಗ ವಯಸ್ಸು 18. 1984ರಲ್ಲಿ ಆಕೆಯ ದೇಶವೇ ಒಲಿಂಪಿಕ್ಸ್ ಬಹಿಷ್ಕರಿಸಿತು, ಮನೆಯಲ್ಲೇ ಉಳಿಯಬೇಕಾಯಿತು. 1986ರಲ್ಲಿ ಮಗ ಹುಟ್ಟಿದ. ಮರುವರ್ಷವೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೂರು ಚಿನ್ನ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಎರಡು. 1989ರಲ್ಲಿ ಮಗಳು ಹುಟ್ಟಿದಳು. ಅಷ್ಟರಲ್ಲಿ ಬರ್ಲಿನ್ ಗೋಡೆ ಬಿತ್ತು, ಎರಡು ಜರ್ಮನಿ ಒಂದಾದವು. 1992ರಲ್ಲಿ ಹೊಸ ದೇಶದ ಹೆಸರಲ್ಲಿ ಮತ್ತೆ ಚಿನ್ನ. ಆಮೇಲೆ 1996, 2000. ಕೊನೆಯದು 2004ರ ಅಥೆನ್ಸ್‌ನಲ್ಲಿ, 42ನೇ ವಯಸ್ಸಿಗೆ. ಅದೇ ದೋಣಿಯಲ್ಲಿದ್ದ ಕರೋಲಿನ್ ಲಿಯೊನ್‌ಹಾರ್ಟ್, ಬಿರ್ಗಿಟ್ ಮೊದಲ ಚಿನ್ನ ಗೆದ್ದಾಗ ಇನ್ನೂ ಹುಟ್ಟಿರಲೇ ಇಲ್ಲ! ಒಟ್ಟು ಲೆಕ್ಕ: ಆರು ಒಲಿಂಪಿಕ್ಸ್, 8 ಚಿನ್ನ, 4 ಬೆಳ್ಳಿ.

ಮನೆತನವೂ ನೀರಿನದೇ. ಅಣ್ಣ ಫ್ರಾಂಕ್ ಕಯಾಕ್‌ನಲ್ಲಿ ವಿಶ್ವ ಚಾಂಪಿಯನ್. ಅತ್ತಿಗೆ ಸರೀನಾ 1980ರಲ್ಲಿ ಈಜಿನ ರಿಲೇ ಚಿನ್ನ ಗೆದ್ದವರು. ಅವರ ಮಗಳು ಫ್ಯಾನಿ 2008ರ ಬೀಜಿಂಗ್‌ನಲ್ಲಿ ನಾಲ್ವರ ಕಯಾಕ್ ಚಿನ್ನ ಗೆದ್ದಳು. ಆ ದೋಣಿಯಲ್ಲಿದ್ದ ಕಾತ್ರಿನ್ ವಾಗ್ನರ್, ನಾಲ್ಕು ವರ್ಷದ ಹಿಂದೆ ಸೋದರತ್ತೆ ಬಿರ್ಗಿಟ್ ಜೊತೆ ಹುಟ್ಟು ಹಾಕಿದವರು.

ಇಂಥ ಮನೆತನ ಎಲ್ಲರಿಗೂ ಸಿಗುವುದಿಲ್ಲ, ನಿಜ. ಆದರೆ ಮಗಳನ್ನು ನೀರಿಗೋ ಮೈದಾನಕ್ಕೋ ಕರೆದೊಯ್ಯುವ ಅಪ್ಪ ನಮ್ಮ ಊರಲ್ಲೂ ಇರಬಹುದು. ಆಕೆ ತಾಯಿಯಾದ ಮೇಲೂ ‘ಹೋಗವ್ವ, ಕೂಸಿನ್ನ ನಾ ನೋಡ್ಕೋತೀನಿ’ ಅನ್ನುವ ಅತ್ತೆಯೂ ಇರಬಹುದು.

ಈ ಸಲ ಗೆದ್ದ ಹುಡುಗಿ ನಿಮ್ಮ ಮನೆಯವಳಾದರೆ, ಹತ್ತು ವರ್ಷ ಬಿಟ್ಟೂ ಆಕೆಯ ಹೆಸರು ಬರೆಯುವ ಕೆಲಸ ನಮಗೆ ಕೊಡಿ.