ಕೆಸರು ಕಲ್ಲಾದ ಕಥೆ

ಧಾರವಾಡ ಜಿಲ್ಲೆಯ ಕಲಘಟಗಿ ಸೀಮೆಯಲ್ಲಿ ಮಿಶ್ರಿಕೋಟಿ ಎಂಬ ಗ್ರಾಮವುಂಟು. ಮಳೆಗಾಲದಲ್ಲಿ ಆ ಸೀಮೆಯ ಹಳ್ಳಗಳು ಹೊಲದ ಮಣ್ಣನ್ನು ಹೊತ್ತು ಕದಡಿ ಹರಿಯುವುವು. ಬೇಡ್ತಿ ಹೊಳೆಯು ಆ ಕೆಸರನ್ನು ಘಟ್ಟದ ಕೆಳಕ್ಕೆ ಒಯ್ದು, ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುವುದು. ಇಷ್ಟನ್ನು ನಾವೆಲ್ಲರೂ ಬಲ್ಲೆವು. ಆದರೆ ಇದೇ ಧಾರವಾಡ ಸೀಮೆಯ ನೆಲದಡಿಯ ಪದರುಕಲ್ಲುಗಳಲ್ಲಿ ಹಲವು ಒಂದಾನೊಂದು ಕಾಲದಲ್ಲಿ ಸಮುದ್ರತಳದ ಕೆಸರಾಗಿದ್ದುವೆಂಬುದನ್ನು ನಾವು ನೆನೆಯುವುದು ಅಪರೂಪ.

೧೮೮೦ರ ದಶಕದಲ್ಲಿ ಭೂಗರ್ಭಶಾಸ್ತ್ರಜ್ಞರಾದ ರಾಬರ್ಟ್ ಬ್ರೂಸ್ ಫೂಟ್ ಅವರು ಈ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟರು. ಇದರ ಮೇಲಣ ಭಾಗದಲ್ಲಿ ಮರಳಿನ ಪದರವೂ ಕೆಸರಿನ ಪದರವೂ ಒಂದರ ಮೇಲೊಂದಾಗಿ ಮಲಗಿವೆ. ಇವುಗಳ ವಯಸ್ಸು ಸುಮಾರು ೨೬೦ ಕೋಟಿ ವರ್ಷ. ಈ ಕೆಸರು ಇಲ್ಲಿಗೆ ಬಂದುದು ಹೇಗೆ?

ನಿಂತ ನೀರಿನಲ್ಲಿ ಮೆಲ್ಲಗೆ ಇಳಿದು ಬಂದಿತೆಂಬುದೇ ಬಹುಕಾಲದ ಉತ್ತರವಾಗಿತ್ತು. ೧೮೫೧ರಲ್ಲಿ ಸ್ಟೋಕ್ಸ್ ಎಂಬ ಗಣಿತಜ್ಞರು ಕಂಡುಹಿಡಿದ ಸೂತ್ರದಂತೆ, ಮಿಲಿಮೀಟರಿನ ಐನೂರನೆಯ ಒಂದು ಪಾಲಿನಷ್ಟು ಸಣ್ಣ ಕಣವು ನಿಶ್ಚಲವಾದ ನೀರಿನಲ್ಲಿ ನೂರು ಮೀಟರು ಇಳಿಯಲು ಹೆಚ್ಚುಕಡಿಮೆ ಒಂದು ವರ್ಷವೇ ಬೇಕು. ಆದುದರಿಂದ ನುಣುಪಾದ ಕೆಸರುಗಲ್ಲನ್ನು ಕಂಡಲ್ಲೆಲ್ಲ ವಿದ್ವಾಂಸರು ಪ್ರಶಾಂತವಾದ ಆಳಸಮುದ್ರವನ್ನು ಊಹಿಸಿದರು.

೧೯೨೯ರ ನವೆಂಬರ್ ೧೮ರಂದು ಉತ್ತರ ಅಟ್ಲಾಂಟಿಕ್ ಸಮುದ್ರದಲ್ಲಿ ಭೂಕಂಪವಾಯಿತು. ಬಳಿಕ ೧೩ ಗಂಟೆಗಳಿಗೂ ಮಿಕ್ಕ ಕಾಲ ತಳದ ತಂತಿಗಳು ಇಳಿಜಾರಿನುದ್ದಕ್ಕೂ ಒಂದಾದ ಮೇಲೊಂದು ಕಡಿದುಹೋದುವು. ಕೆಸರಿನಿಂದ ಭಾರವಾದ ನೀರು ಸಮುದ್ರದೊಳಗೇ ಹೊಳೆಯಂತೆ ಧುಮುಕಿದುದೇ ಇದಕ್ಕೆ ಕಾರಣವೆಂದು ೧೯೫೨ರಲ್ಲಿ ಹೀಜನ್ ಮತ್ತು ಯೂಯಿಂಗ್ ಎಂಬವರು ವಿವರಿಸಿದರು. ಇಂತಹ ಪ್ರವಾಹವು ಮೊದಲು ದಪ್ಪ ಮರಳನ್ನೂ ಕೊನೆಗೆ ನುಣುಪು ಕೆಸರನ್ನೂ ಇಳಿಸುತ್ತದೆ. ರಾಣೀಬೆನ್ನೂರಿನ ಹೆಸರು ಹೊತ್ತ ಧಾರವಾಡದ ಶಿಲೆಗಳಲ್ಲಿಯೂ ಇದೇ ಅನುಕ್ರಮವುಂಟು.

ಕೆಸರು ಸೇರಲು ನೀರು ನಿಲ್ಲಲೇಬೇಕೆಂಬ ನಂಬಿಕೆಯೂ ಉಳಿಯಲಿಲ್ಲ. ಶೀಬರ್ ಮತ್ತು ಅವರ ಸಂಗಡಿಗರು ಕಾಲುವೆಯಂತಹ ತೊಟ್ಟಿಯಲ್ಲಿ ಜೇಡಿನೀರನ್ನು ಹರಿಸಿ, ೨೦೦೭ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಉಂಡೆಗಟ್ಟಿ, ಹರಿಯುವ ನೀರಿನಲ್ಲಿಯೇ ಮರಳಿನಂತೆ ಅಲೆಯಲೆಯಾಗಿ ಮುಂದೆ ಸರಿದು ಪದರುಗಟ್ಟಿದುವು. ಮೇಲಿನ ಭಾರಕ್ಕೆ ಒತ್ತಿಹೋದಮೇಲೆ ಆ ಅಲೆಗಳು ಚಪ್ಪಟೆಯಾಗಿ, ನಿಂತ ನೀರಿನ ಪದರಗಳಂತೆಯೇ ತೋರುವುವು.

ಹಾಗೆಂದು ಎಲ್ಲ ಕೆಸರೂ ಹರಿದೇ ಬಂದಿತೆನ್ನಲಾಗದು. ಮೆಲ್ಲಗೆ ಇಳಿದುದೂ ಉಂಟು. ಕಣದ ನುಣುಪೊಂದನ್ನೇ ನೋಡಿ ಸಮುದ್ರವು ಶಾಂತವಾಗಿತ್ತೆಂದು ತೀರ್ಪು ಕೊಡಬಾರದೆಂಬುದಷ್ಟೆ ಇದರಿಂದ ನಾವು ಕಲಿಯತಕ್ಕ ಪಾಠ. ಮುಂದೊಮ್ಮೆ ಧಾರವಾಡದ ಕಡೆ ಪಯಣಿಸುವಾಗ ರಸ್ತೆಯ ಕಡಿತದಲ್ಲಿ ಪದರುಕಲ್ಲು ಕಂಡರೆ, ಅದರ ಒಂದೊಂದು ಪದರವನ್ನೂ ಬೇರೆಯಾಗಿಯೇ ವಿಚಾರಿಸೋಣ.